ಕಾರಿಲ್ಲದೆ ಇಟಲಿಯ ರೈತರ ಮನೆಗೆ

ಪ್ರಶ್ನೆ: ಜುಲೈನಲ್ಲಿ ಇಟಲಿಯ ಹಳ್ಳಿಯೊಂದರ ಅಗ್ರಿತುರಿಸ್ಮೊ, ಅಂದರೆ ರೈತರ ಮನೆಯಲ್ಲಿ ಒಬ್ಬಳೇ ಉಳಿಯುವಾಸೆ. ಕಾರು ಓಡಿಸಲು ಬಾರದು. ಆದೀತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಆಗುತ್ತದೆ. ರೈಲು ನಿಲ್ದಾಣದಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗಿನ ಮನೆಯನ್ನೇ ಆರಿಸಿ. ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತಾರೆಯೇ, ಅದಕ್ಕೆ ಎಷ್ಟು ಹಣ ಎಂದು ಮುಂಗಡ ಕೊಡುವ ಮೊದಲೇ ಬರೆದು ಕೇಳಿ. ಎಡವುವುದು ಬಸ್ ವೇಳಾಪಟ್ಟಿಯಲ್ಲಿ. ‘ಫೆರಿಯಾಲೆ’ ಎಂದರೆ ಸೋಮವಾರದಿಂದ ಶನಿವಾರ. ‘ಫೆಸ್ತಿವೊ’ ರವಿವಾರ ಮತ್ತು ಹಬ್ಬದ ರಜೆ. ‘ಸ್ಕೊಲಾಸ್ತಿಕೊ’ ಎಂದಿದ್ದರೆ ಶಾಲೆ ನಡೆಯುವ ದಿನ ಮಾತ್ರ. ಜುಲೈನಲ್ಲಿ ಅಲ್ಲಿ ಶಾಲೆಗೆ ರಜೆ, ಆ ಬಸ್ಸೇ ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡದಂತೆ ಒಂದು ತಪ್ಪಿದರೆ ಇನ್ನೊಂದು ಎಂಬ ಭರವಸೆ ಬೇಡ, ರವಿವಾರವಂತೂ ತಲುಪಲೇಬೇಡಿ. ಕಾಗದದ ಟಿಕೆಟ್ಟಾದರೆ ಬಸ್ ಹತ್ತಿದೊಡನೆ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಮರೆತರೆ ದಂಡ. ರಾತ್ರಿಯೂಟ ಮೊದಲೇ ಹೇಳಿಡಿ. ಸಸ್ಯಾಹಾರಿಯಾದರೆ ಮಾಂಸ ಬೇಯಿಸಿದ ನೀರೂ ಬೇಡವೆಂದು ಬಿಡಿಸಿ ತಿಳಿಸಿ. ಅಕ್ಕಿಯ ರಿಸೊತ್ತೊವನ್ನು ಹಲವು ಕಡೆ ಅದರಲ್ಲೇ ಬೇಯಿಸುತ್ತಾರೆ.