ನಂದಿ ಬೆಟ್ಟ ಹತ್ತಿ ಇಳಿದು, ಅಲ್ಲಿನ ಮೂರು ವೈನರಿ ನೋಡಿ, ಸಂಜೆಗೆ ಸೈಕಲ್‌ನಲ್ಲೇ ಬೆಂಗಳೂರಿಗೆ ವಾಪಸ್ ಬರಬಹುದಾ?

ಪ್ರಶ್ನೆ ಓದಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ. 2019ರ ಜನವರಿಯಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ. ಮೂರು ವೈನರಿ ಅಂದುಕೊಂಡು ಹೊರಟವನು ಒಂದೇ ನೋಡಿದೆ. ಆಮೇಲೆ ನೋಡಿದ್ದು ಆಸ್ಪತ್ರೆ.

ಹೆಬ್ಬಾಳ ಬಿಟ್ಟಾಗ ಬೆಳಿಗ್ಗೆ ನಾಲ್ಕೂವರೆ. 1478 ಮೀಟರ್ ಎತ್ತರದ ಬೆಟ್ಟ ಹತ್ತಿ ಇಳಿದು, ಎರಡು ಇಡ್ಲಿ, ಒಂದು ಕಾಫಿ. ಆಮೇಲೆ ದೊಡ್ಡಬಳ್ಳಾಪುರದ ಕಡೆ ತಿರುಗಿದೆ. ಒಂದು ಊರಿನ ಮುಂದೆ ರಸ್ತೆ ತುಂಬ ರಾಗಿ ಹರಡಿದ್ದರು. ಸುಗ್ಗಿಯಲ್ಲಿ ಆ ಕಡೆ ಟಾರ್ ರೋಡೇ ಕಣ, ಓಡಾಡೋ ಲಾರಿಗಳೇ ರೋಣಗಲ್ಲು. ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡರೆ ಕಥೆ ಮುಗೀತು ಅಂತ ಗೊತ್ತಿತ್ತು. ಇಳಿದು, ಸೈಕಲ್ ಎತ್ತಿಕೊಂಡು ಅಂಚಲ್ಲಿ ನಡೆದೆ. ಇದನ್ನ ನೆನಪಿಟ್ಟುಕೊಳ್ಳಿ.

ವೈನರಿ ಚೆನ್ನಾಗಿತ್ತು. ದಾರಿಯುದ್ದಕ್ಕೂ ನೋಡಿದ ಬೆಂಗಳೂರು ಬ್ಲೂ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಚಪ್ಪರದ ಮೇಲಿರುತ್ತೆ, ಇಲ್ಲಿ ತಂತಿ ಬೇಲಿ ಥರ ಸಾಲು ಸಾಲು. ಕೊಯ್ಲು ಫೆಬ್ರವರಿ, ಮಾರ್ಚ್‌ನಲ್ಲಿ. ನಾನು ಹೋದಾಗ ಗೊಂಚಲಲ್ಲಿ ಅರ್ಧ ಕಾಳು ಹಸಿರು, ಅರ್ಧ ನೇರಳೆ.

ಆಮೇಲೆ ಟೇಸ್ಟಿಂಗ್. ಐದು ಗ್ಲಾಸು, ಪಕ್ಕದಲ್ಲಿ ರುಚಿ ನೋಡಿದ ವೈನ್ ಉಗುಳೋಕೆ ಒಂದು ಸ್ಟೀಲ್ ಬಕೆಟ್. ನನ್ನ ತಪ್ಪು ಇಲ್ಲೇ. ನಾನು ಉಗುಳಲಿಲ್ಲ. ಕಾಸು ಕೊಟ್ಟು ತಗೊಂಡಿದ್ದನ್ನ ಉಗುಳೋದಾ ಅನ್ನೋ ನಮ್ಮ ಬುದ್ಧಿ. ಲೆಕ್ಕ ನೋಡಿ: ಒಂದೊಂದು ಗ್ಲಾಸಲ್ಲಿ 40 ಎಂ.ಎಲ್. ಅಂದ್ರೂ ಐದಕ್ಕೆ 200. ಶೇಕಡಾ 13 ಆಲ್ಕೋಹಾಲ್ ಅಂದ್ರೆ 26 ಎಂ.ಎಲ್. ಮನೆಯಲ್ಲಿ ಊಟದ ಜೊತೆ ಕುಡಿದರೆ ಇದು ಏನೂ ಅಲ್ಲ. ಆದರೆ ಹೊಟ್ಟೆಯಲ್ಲಿದ್ದ ಎರಡು ಇಡ್ಲಿ ಯಾವಾಗಲೋ ಕರಗಿತ್ತು, ಮೈಯ ನೀರೆಲ್ಲ ಬೆಟ್ಟಕ್ಕೇ ಹೋಗಿತ್ತು. ಇನ್ನೂ ಕೆಟ್ಟದ್ದು ಏನಂದ್ರೆ, ತಲೆ ತಿರುಗಲಿಲ್ಲ, ಕಾಲು ತಡವರಿಸಲಿಲ್ಲ. ಅಮಲು ಏರಿದೆ ಅಂತ ಗೊತ್ತಾಗಿದ್ರೆ ಅಲ್ಲೇ ಮರದ ಕೆಳಗೆ ಮಲಗ್ತಿದ್ದೆ. ಗೊತ್ತಾಗಲಿಲ್ಲ. ಸುಮ್ನೆ ಖುಷಿಯಾಗಿತ್ತು, ಅಷ್ಟೇ.

ವಾಪಸ್ ಬರುವಾಗ ಅದೇ ರಾಗಿ. ಬೆಳಿಗ್ಗೆ ಇಳಿದವನು ಈಗ ಇಳಿಯಲಿಲ್ಲ. ಏನಾಗುತ್ತೆ ಬಿಡು ಅಂತ ನುಗ್ಗಿಸಿದೆ. ಹತ್ತು ಅಡಿಗೆ ಹುಲ್ಲು ಸುತ್ತಿಕೊಂಡು ಚೈನ್ ಲಾಕ್ ಆಯ್ತು, ಗೇರ್ ಮುರಿದು ಚಕ್ರದ ಕಡ್ಡಿಗಳ ಒಳಗೆ ಹೋಯ್ತು, ನಾನು ಬಲಗಡೆಗೆ ಬಿದ್ದೆ. ಕಾಲರ್ ಬೋನ್ ಎರಡು ತುಂಡು. ಮೊರ ಹಿಡಿದು ಕೂತಿದ್ದ ಅಜ್ಜಿ ಓಡಿಬಂದು ಮುಖ ನೋಡಿ, "ಬೆಳಿಗ್ಗೆ ಇಳ್ಕೊಂಡು ಹೋದೋನು ನೀನೇ ಅಲ್ವೇನಪ್ಪಾ?" ಅಂದರು. ಮೂಗಿಗೆ ವಾಸನೆ ಬಡೀತು ಅನ್ಸುತ್ತೆ, ಮುಂದೆ ಏನೂ ಕೇಳಲಿಲ್ಲ. ಆರು ವಾರ ಕೈ ಜೋಲಿಯಲ್ಲಿತ್ತು.

ಹಾಗಾಗಿ ನಿಮ್ಮ ಮೂರು ವೈನರಿ ಪ್ಲಾನ್ ಬಿಟ್ಟುಬಿಡಿ. ಬೆಟ್ಟವೋ ವೈನೋ, ಒಂದನ್ನ ಆರಿಸಿಕೊಳ್ಳಿ. ವೈನ್ ಬೇಕಾದರೆ ಒಂದೇ ಜಾಗಕ್ಕೆ ಮೊದಲೇ ಬುಕ್ ಮಾಡಿ ಹೋಗಿ, ಊಟ ಮಾಡಿ, ಉಗುಳಿ. ನಾಚಿಕೆ ಬೇಡ, ಬಕೆಟ್ ಇಟ್ಟಿರೋದೇ ಅದಕ್ಕೆ. ವಾಪಸ್ ಬರೋಕೆ ಕುಡಿಯದ ಸ್ನೇಹಿತರೊಬ್ಬರ ಕಾರು ಇರಲಿ, ಸೈಕಲ್ ಹಿಂದೆ ಕಟ್ಟಿ. ಅಷ್ಟು ದೂರ ಹೋಗಿ ಕಾರಲ್ಲಿ ಬಂದ್ರೆ ಅದು ಸೈಕಲ್ ಟೂರಾ ಅಂತ ಕೇಳೋರು ಇರ್ತಾರೆ, ಕೇಳಲಿ ಬಿಡಿ.

ಯಾವ ಸೈಕಲ್ ಬಾಡಿಗೆಗೆ ತಗೊಳ್ಳಲಿ ಅಂತಲೂ ಕೇಳಿದ್ರಿ. ಬ್ರೇಕ್ ಸರಿ ಇದ್ರೆ ಯಾವುದಾದ್ರೂ ಆಗುತ್ತೆ. ಬಾಟಲಿ ಮಾತ್ರ ಅಲ್ಲಿ ಕೊಳ್ಳಬೇಡಿ, ಎರಡಕ್ಕೆ ಎರಡೂವರೆ ಕೆಜಿ ಬೆನ್ನ ಮೇಲೆ. ನನ್ನ ಬ್ಯಾಗಲ್ಲೂ ಎರಡಿದ್ದವು. ಅವಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.