ಪ್ಲೇಟ್‌ಲೆಟ್ ಕಡಿಮೆ ಇದೆ, ಆದರೂ ಕಾಲಲ್ಲಿ ಕ್ಲಾಟ್ ಆಗಿದೆ. ಬ್ಲಡ್ ಥಿನ್ನರ್ ಕೊಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ತಂಗಿಗೆ 29 ವರ್ಷ. ಎಡಗಾಲು ತೊಡೆವರೆಗೂ ಊದಿಕೊಂಡಿದೆ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಒಳಗಿನ ರಕ್ತನಾಳದಲ್ಲಿ ಕ್ಲಾಟ್ ಕಾಣಿಸಿದೆ. ಆದರೆ ಪ್ಲೇಟ್‌ಲೆಟ್ ಬರೀ 48,000. ಒಬ್ಬ ಡಾಕ್ಟರ್ ಇವತ್ತೇ ಬ್ಲಡ್ ಥಿನ್ನರ್ ಶುರು ಮಾಡಬೇಕು ಅಂದಿದ್ದಾರೆ. ಇನ್ನೊಬ್ಬರು ಇಷ್ಟು ಕಡಿಮೆ ಪ್ಲೇಟ್‌ಲೆಟ್‌ಗೆ ಬ್ಲಡ್ ಥಿನ್ನರ್ ಕೊಟ್ಟರೆ ರಕ್ತಸ್ರಾವ ಆಗುತ್ತದೆ ಅಂದಿದ್ದಾರೆ. ಮನೆಯಲ್ಲಿ ಪಪ್ಪಾಯ ಎಲೆ ರಸ ನಡೆಯುತ್ತಿದೆ. ಮದುವೆ ಮಾತುಕತೆ ಅರ್ಧಕ್ಕೆ ನಿಂತಿದೆ. ಯಾರ ಮಾತು ಕೇಳೋದು? ಔಷಧ ಶುರುವಾದರೆ ಎಷ್ಟು ದಿನ ತೆಗೆದುಕೊಳ್ಳಬೇಕು?

ನಾನು ಡಾಕ್ಟರ್ ಅಲ್ಲ. ಇದೇ ಎರಡು ತೊಂದರೆಗಳನ್ನು ಒಟ್ಟಿಗೆ ಇಟ್ಟುಕೊಂಡು ವರ್ಷಗಳಿಂದ ಬದುಕುತ್ತಿರುವ ಹೆಂಗಸು. ನನ್ನ ಕಾಯಿಲೆಯ ಹೆಸರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಚಿಕ್ಕದಾಗಿ ಎಪಿಎಸ್. ನಿಮ್ಮ ತಂಗಿಗೂ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಸಣ್ಣ ವಯಸ್ಸು, ಕಾಲಲ್ಲಿ ಕ್ಲಾಟ್, ಜೊತೆಗೆ ಕಡಿಮೆ ಪ್ಲೇಟ್‌ಲೆಟ್ ಅಂದರೆ ಡಾಕ್ಟರುಗಳು ಮೊದಲು ಯೋಚಿಸುವ ಹೆಸರುಗಳಲ್ಲಿ ಅದೂ ಒಂದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಅನ್ನೋದು ತಪ್ಪು ಲೆಕ್ಕ. ಎಪಿಎಸ್‌ನಲ್ಲಿ ದೇಹವೇ ತಯಾರಿಸುವ ಆಂಟಿಬಾಡಿಗಳು ಎರಡು ಕಡೆ ಕೆಲಸ ಕೆಡಿಸುತ್ತವೆ. ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಕ್ಲಾಟ್ ಮಾಡಿಸುತ್ತವೆ. ಅದೇ ಗಲಾಟೆಯಲ್ಲಿ ಪ್ಲೇಟ್‌ಲೆಟ್‌ಗಳೂ ಖರ್ಚಾಗುತ್ತವೆ, ನಾಶವಾಗುತ್ತವೆ. ಹಾಗಾಗಿ ರಿಪೋರ್ಟ್‌ನಲ್ಲಿ ನಂಬರ್ ಕೆಳಗಿದ್ದರೂ ಕಾಲಲ್ಲಿರುವ ಕ್ಲಾಟ್ ಬೆಳೆಯುತ್ತಾ ಹೋಗಬಹುದು. ಆ ಇಬ್ಬರು ಡಾಕ್ಟರುಗಳೂ ಸುಳ್ಳು ಹೇಳಿಲ್ಲ. ಇಬ್ಬರೂ ಒಂದೊಂದು ಅಪಾಯ ಹಿಡಿದುಕೊಂಡು ಮಾತಾಡಿದ್ದಾರೆ. ಎರಡನ್ನೂ ಒಟ್ಟಿಗೆ ತೂಗಿ ನೋಡುವವರು ಹೆಮಟಾಲಜಿಸ್ಟ್, ಅಂದರೆ ರಕ್ತದ ಕಾಯಿಲೆಯ ತಜ್ಞರು. ನಮ್ಮ ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ಅವರು ಸಿಗುವುದಿಲ್ಲ, ನಿಜ. ಬೆಂಗಳೂರು, ಮಣಿಪಾಲ, ವೆಲ್ಲೂರಿನ ಸಿಎಂಸಿ, ಹೀಗೆ ದೊಡ್ಡ ಕಡೆಗೇ ಹೋಗಬೇಕಾಗುತ್ತದೆ. ಆದರೆ ಅಪಾಯಿಂಟ್‌ಮೆಂಟ್ ಸಿಗುವವರೆಗೆ ಅಂತ ಮನೆಯಲ್ಲಿ ಕೂರಬೇಡಿ. ತೊಡೆವರೆಗೆ ಕ್ಲಾಟ್ ಇರುವವರು ಈಗ ಆಸ್ಪತ್ರೆಯಲ್ಲೇ ಇರಬೇಕು. ಅಲ್ಲಿನ ಫಿಸಿಶಿಯನ್ ಇವತ್ತೇ ಹೆಮಟಾಲಜಿಸ್ಟ್‌ಗೆ ಫೋನ್ ಮಾಡಿ ಕೇಳಲಿ. ಸಂಕೋಚ ಬಿಟ್ಟು ನೀವೇ ಹಾಗೆ ಕೇಳಿಕೊಳ್ಳಿ.

ಆ 48,000 ನಿಜವೇ ಅಂತಲೂ ನೋಡಬೇಕು. ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆಗೆ ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇಡಿಟಿಎ ಅನ್ನುವ ಪದಾರ್ಥ ಇರುತ್ತದೆ. ಕೆಲವರ ರಕ್ತದಲ್ಲಿ ಅದು ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಮೆಷಿನ್ ಆ ಗುಂಪುಗಳನ್ನು ಸರಿಯಾಗಿ ಎಣಿಸದೆ ಕಡಿಮೆ ತೋರಿಸುತ್ತದೆ. ಸ್ಲೈಡ್ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ, ಅಂದರೆ ಸ್ಮಿಯರ್ ಮಾಡಿದರೆ, ಇದು ಗೊತ್ತಾಗುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್‌ನಲ್ಲಿ ಇನ್ನೊಮ್ಮೆ ಎಣಿಸಿಯೂ ನೋಡುತ್ತಾರೆ. ಸಣ್ಣ ಪರೀಕ್ಷೆ, ಜಾಸ್ತಿ ಖರ್ಚೂ ಇಲ್ಲ. ಇಷ್ಟರಲ್ಲೇ ಅರ್ಧ ಗಾಬರಿ ಇಳಿದವರಿದ್ದಾರೆ.

ಇನ್ನೊಂದು ಪ್ರಶ್ನೆ: ಇತ್ತೀಚೆಗೆ ಯಾವುದಾದರೂ ಆಪರೇಶನ್‌ಗೋ ಅಡ್ಮಿಟ್ ಆದಾಗಲೋ ತಂಗಿಗೆ ಹೆಪಾರಿನ್ ಅನ್ನುವ ಬ್ಲಡ್ ಥಿನ್ನರ್ ಕೊಟ್ಟಿದ್ದರಾ? ಹೆಪಾರಿನ್ ಶುರುವಾಗಿ ಸಾಮಾನ್ಯವಾಗಿ 5ರಿಂದ 10 ದಿನಕ್ಕೆ ಪ್ಲೇಟ್‌ಲೆಟ್ ಅರ್ಧಕ್ಕೆ ಅರ್ಧ ಬೀಳುವ, ಅದರ ಜೊತೆಗೇ ಹೊಸ ಕ್ಲಾಟ್ ಆಗುವ ತೊಂದರೆ ಒಂದಿದೆ. ಅದಕ್ಕೆ ಎಚ್‌ಐಟಿ ಅನ್ನುತ್ತಾರೆ. ಅಪರೂಪ. ಆದರೆ ಅದಾಗಿದ್ದರೆ ಹೆಪಾರಿನ್ ನಿಲ್ಲಿಸಿ ಬೇರೆ ಜಾತಿಯ ಔಷಧಕ್ಕೆ ಹೋಗಬೇಕಾಗುತ್ತದೆ. ಹಳೆಯ ಡಿಸ್ಚಾರ್ಜ್ ಸಮ್ಮರಿಗಳಿದ್ದರೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಇನ್ನು ಬ್ಲಡ್ ಥಿನ್ನರ್ ವಿಷಯ. ಅದು ಕ್ಲಾಟನ್ನು ಕರಗಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಕ್ಲಾಟ್ ಬೆಳೆಯದ ಹಾಗೆ ನೋಡಿಕೊಳ್ಳುತ್ತದೆ, ಕರಗಿಸುವ ಕೆಲಸ ದೇಹದ್ದು. ಔಷಧ ಕೊಡದೆ ಬಿಟ್ಟರೆ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಇದ್ದಕ್ಕಿದ್ದಂತೆ ಉಸಿರು ಸಿಗದಿರುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವುದು, ಕೆಮ್ಮಿದಾಗ ರಕ್ತ, ತಲೆ ಸುತ್ತಿ ಬೀಳುವುದು, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಆಟೋ ಹುಡುಕುತ್ತಾ ನಿಲ್ಲಬೇಡಿ.

ಪ್ಲೇಟ್‌ಲೆಟ್ ಎಷ್ಟಿದ್ದರೆ ಎಷ್ಟು ಔಷಧ ಅನ್ನುವುದಕ್ಕೆ ಡಾಕ್ಟರುಗಳು ಇಟ್ಟುಕೊಂಡಿರುವ ಒಂದು ಒರಟು ಅಳತೆ ಇದೆ. ಇದು ಹೆಚ್ಚಾಗಿ ಕ್ಯಾನ್ಸರ್ ರೋಗಿಗಳ ಅನುಭವದಿಂದ ಬಂದದ್ದು. 50,000ಕ್ಕಿಂತ ಮೇಲಿದ್ದರೆ ಪೂರ್ತಿ ಡೋಸ್. 25,000ದಿಂದ 50,000ದ ನಡುವೆ ಡೋಸ್ ಇಳಿಸುತ್ತಾರೆ, ಇಲ್ಲವೇ ಪ್ಲೇಟ್‌ಲೆಟ್ ಏರಿಸಿಕೊಂಡು ಪೂರ್ತಿ ಕೊಡುತ್ತಾರೆ. 25,000ಕ್ಕಿಂತ ಕೆಳಗೆ ಸಾಮಾನ್ಯವಾಗಿ ತಡೆಹಿಡಿಯುತ್ತಾರೆ. ಕ್ಲಾಟ್ ಹೊಸದಾಗಿದ್ದು ತೊಡೆಯಲ್ಲಿದ್ದರೆ ಸುಮ್ನೆ ಕಾಯುವುದು ಕಷ್ಟ, ಯಾಕೆಂದರೆ ಮೊದಲ ತಿಂಗಳೇ ಅಪಾಯ ಜಾಸ್ತಿ. ನಿಮ್ಮ ತಂಗಿಯ 48,000 ಗಡಿಯ ಮೇಲೇ ಕೂತಿದೆ. ಒಬ್ಬರು ಹೌದು ಅಂದು ಇನ್ನೊಬ್ಬರು ಬೇಡ ಅಂದದ್ದು ಅದಕ್ಕೇ ಇರಬೇಕು. ನಂಬರ್ ಒಂದೇ ನೋಡುವುದೂ ಇಲ್ಲ. ಮೂಗಲ್ಲಿ, ವಸಡಿನಲ್ಲಿ ರಕ್ತ ಬರುತ್ತಿದೆಯಾ, ಮೈಮೇಲೆ ಕೆಂಪು ಚುಕ್ಕೆ ಎದ್ದಿದೆಯಾ, ಪಿರಿಯಡ್ಸ್‌ನಲ್ಲಿ ಹೆಚ್ಚು ಹೋಗುತ್ತಿದೆಯಾ, ನಂಬರ್ ಇಳಿಯುತ್ತಿದೆಯಾ ನಿಂತಿದೆಯಾ, ಇದೆಲ್ಲ ಕೇಳುತ್ತಾರೆ.

ಸಾಮಾನ್ಯವಾಗಿ ಶುರು ಮಾಡುವುದು ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನೊಕ್ಸಾಪರಿನ್ ಇಂಜೆಕ್ಷನ್‌ನಿಂದ. ಪೂರ್ತಿ ಡೋಸ್ ಅಂದರೆ ಒಂದು ಕೆಜಿ ತೂಕಕ್ಕೆ 1 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಡೋಸ್ ಹೆಚ್ಚು ಕಡಿಮೆ ಮಾಡುವುದು ಇದರಲ್ಲಿ ಸುಲಭ, ನಿಲ್ಲಿಸಿದರೆ ಬೇಗ ಇಳಿಯುತ್ತದೆ. ಪ್ಲೇಟ್‌ಲೆಟ್ ಏರಿಸಬೇಕಾದರೆ ಸ್ಟೀರಾಯ್ಡ್, ತುರ್ತಿದ್ದರೆ ಐವಿಐಜಿ ಅನ್ನುವ ದುಬಾರಿ ಡ್ರಿಪ್. ಹೊರಗಿನಿಂದ ಪ್ಲೇಟ್‌ಲೆಟ್ ಹಾಕಿಸಿ ಅಂತ ನೆಂಟರು ಒತ್ತಾಯ ಮಾಡುತ್ತಾರೆ. ಆಂಟಿಬಾಡಿ ಇರುವಾಗ ಹಾಕಿದ ಪ್ಲೇಟ್‌ಲೆಟ್ ಹೆಚ್ಚು ಹೊತ್ತು ಉಳಿಯುವುದಿಲ್ಲ, ಹಾಗಾಗಿ ದೊಡ್ಡ ರಕ್ತಸ್ರಾವ ಇಲ್ಲದಿದ್ದರೆ ಅದರ ಹಿಂದೆ ಬೀಳುವುದಿಲ್ಲ. ಎಲ್ಟ್ರೊಂಬೊಪ್ಯಾಗ್ ಅನ್ನುವ ಮಾತ್ರೆ ಪ್ಲೇಟ್‌ಲೆಟ್ ಏರಿಸುತ್ತದೆ, ಆದರೆ ಅದರಿಂದಲೇ ಕ್ಲಾಟ್ ಆಗುವ ಅಪಾಯವೂ ಇದೆ. ಹಾಗಾಗಿ ಮೆಡಿಕಲ್ ಶಾಪ್‌ನವರ ಸಲಹೆ ಕೇಳಿ ತೆಗೆದುಕೊಳ್ಳುವ ಮಾತ್ರೆ ಅದಲ್ಲ. ಬ್ಲಡ್ ಥಿನ್ನರ್ ಕೊಡಲು ಸಾಧ್ಯವೇ ಇಲ್ಲ ಅಂತಾದಾಗ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳಕ್ಕೆ ಜಾಲರಿ ತರದ ಫಿಲ್ಟರ್ ಇಡುತ್ತಾರೆ. ಇಟ್ಟರೆ ಯಾವಾಗ ತೆಗೆಯುತ್ತೀರಿ ಅಂತ ಅವತ್ತೇ ಕೇಳಿ ಬರೆಸಿಕೊಳ್ಳಿ. ಮರೆತು ವರ್ಷಗಟ್ಟಲೆ ಒಳಗೇ ಬಿಟ್ಟರೆ ಅದೇ ಇನ್ನೊಂದು ತಲೆನೋವು.

ಪಪ್ಪಾಯ ಎಲೆ ರಸ ನಿಲ್ಲಿಸಿ ಅಂತಲೇ ನಾನು ಹೇಳುವುದು. ಡೆಂಗ್ಯೂ ಕಾಲದಲ್ಲಿ ಅದು ಮನೆಮನೆಗೆ ಬಂತು. ಇಲ್ಲಿ ಕ್ಲಾಟೂ ಇದೆ, ಹಾಗಾಗಿ ಇಲ್ಲಿನ ಕಥೆ ಬೇರೆ. ಬ್ಲಡ್ ಥಿನ್ನರ್ ಜೊತೆ ಇಂಥದ್ದು ಸೇರಿದರೆ ಲೆಕ್ಕ ತಪ್ಪುವುದೇ ಹೆಚ್ಚು. ಕಾಲಿಗೆ ಎಣ್ಣೆ ಹಚ್ಚಿ ನೀವಿಸುವುದು, ಉಳುಕು ತೆಗೆಸುವುದು ಕೂಡ ಬೇಡವೇ ಬೇಡ. ನನಗೂ ಮೊದಲು ಹೇಳಿದ್ದು ನರ ಹಿಡಿದಿದೆ ಅಂತಲೇ. ಔಷಧ ಶುರುವಾದ ಮೇಲೆ ನೋವು ತಡೆಯುವಷ್ಟು ನಡೆದಾಡಬಹುದು, ಹಾಸಿಗೆ ಹಿಡಿಯಬೇಕಿಲ್ಲ.

ಎಪಿಎಸ್ ಪರೀಕ್ಷೆ ಬಗ್ಗೆ ಎರಡು ಮಾತು. ಲಂಡನ್ನಿನ ಡಾಕ್ಟರ್ ಗ್ರಹಾಂ ಹ್ಯೂಸ್ 1983ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು, ಹಾಗಾಗಿ ಹ್ಯೂಸ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಮೂರು ಪರೀಕ್ಷೆ ಮಾಡುತ್ತಾರೆ: ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿ ಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್. ಪಾಸಿಟಿವ್ ಬಂದರೆ ಕಡಿಮೆ ಅಂದರೂ 12 ವಾರ ಬಿಟ್ಟು ಇನ್ನೊಮ್ಮೆ ಮಾಡಿ ಖಾತ್ರಿ ಮಾಡಿಕೊಳ್ಳಬೇಕು, ಯಾಕೆಂದರೆ ಸೋಂಕು ಬಂದಾಗಲೂ ಸ್ವಲ್ಪ ದಿನ ಪಾಸಿಟಿವ್ ತೋರಿಸಬಹುದು. ಸಾಧ್ಯವಾದರೆ ಮೊದಲ ಬ್ಲಡ್ ಥಿನ್ನರ್ ಡೋಸ್‌ಗೆ ಮೊದಲೇ ಇದಕ್ಕೆ ರಕ್ತ ತೆಗೆಸಿಡಿ. ಔಷಧ ಒಳಗೆ ಹೋದ ಮೇಲೆ ಲೂಪಸ್ ಆಂಟಿಕೋಆಗ್ಯುಲಂಟ್ ರಿಪೋರ್ಟ್ ನಂಬುವುದು ಕಷ್ಟ. ಆದರೆ ಪರೀಕ್ಷೆಗೋಸ್ಕರ ಔಷಧ ತಡ ಮಾಡಬೇಡಿ.

ಒಂದು ವಿಚಿತ್ರ ಇದೆ ನೋಡಿ. ಲೂಪಸ್ ಆಂಟಿಕೋಆಗ್ಯುಲಂಟ್ ಅನ್ನುವ ಆ ಆಂಟಿಬಾಡಿ ಇದ್ದರೆ ಲ್ಯಾಬ್‌ನ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಕಾಗಬಹುದು, ಆ ಹೊತ್ತು ಅಳೆಯುವ ಎಪಿಟಿಟಿ ಪರೀಕ್ಷೆ ಜಾಸ್ತಿ ತೋರಿಸಬಹುದು. ಮೈಯೊಳಗೆ ಮಾತ್ರ ಉಲ್ಟಾ. ಆ ರಿಪೋರ್ಟ್ ನೋಡಿ ಇವರ ರಕ್ತ ಆಗಲೇ ತೆಳುವಾಗಿದೆ, ಔಷಧ ಬೇಡ ಅಂತ ಯಾರಾದರೂ ಅಂದರೆ ಲೂಪಸ್ ಆಂಟಿಕೋಆಗ್ಯುಲಂಟ್ ನೋಡಿದ್ದೀರಾ ಅಂತ ಮೆಲ್ಲಗೆ ಕೇಳಿ.

ಎಪಿಎಸ್ ಖಾತ್ರಿಯಾದರೆ ಮುಂದಿನ ಮಾತ್ರೆಯ ಆಯ್ಕೆಯೂ ಬದಲಾಗುತ್ತದೆ. ಈಗ ಸಾಮಾನ್ಯ ಕ್ಲಾಟ್‌ಗೆ ರಿವರೊಕ್ಸಬಾನ್, ಅಪಿಕ್ಸಬಾನ್ ಅನ್ನುವ ಹೊಸ ಬ್ಲಡ್ ಥಿನ್ನರ್ ಮಾತ್ರೆ ಬರೆದುಬಿಡುತ್ತಾರೆ. ಪದೇ ಪದೇ ರಕ್ತ ಪರೀಕ್ಷೆ ಬೇಕಿಲ್ಲ, ಪಥ್ಯ ಇಲ್ಲ, ಆರಾಮ. ಆದರೆ ಮೂರೂ ಪರೀಕ್ಷೆ ಪಾಸಿಟಿವ್ ಇದ್ದವರಲ್ಲಿ ಇಟಲಿಯವರು ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಿವರೊಕ್ಸಬಾನ್ ತೆಗೆದುಕೊಂಡ ಕೆಲವರಿಗೆ ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಆಗಿ, ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ವಾರ್ಫರಿನ್ ಅನ್ನುವ ಹಳೆಯ ಬ್ಲಡ್ ಥಿನ್ನರ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಹಾಗಾಗಲಿಲ್ಲ. ಹಾಗಾಗಿ ನಮ್ಮಂಥವರಿಗೆ ಹಳೆಯ ವಾರ್ಫರಿನ್ ಅಥವಾ ನಮ್ಮ ಕಡೆ ಜಾಸ್ತಿ ಬರೆಯುವ, ಅದೇ ಜಾತಿಯ ಅಸಿಟ್ರಾಮ್‌ ಗತಿ. ಈ ಮಾತ್ರೆ ಶುರುವಾದ ತಕ್ಷಣ ಇಂಜೆಕ್ಷನ್ ನಿಲ್ಲಿಸುವ ಹಾಗಿಲ್ಲ. ಕಡಿಮೆ ಅಂದರೂ 5 ದಿನ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಅಂತ ತೋರಿಸುವ ಲ್ಯಾಬ್ ಅಳತೆ) 2 ದಾಟಿ ನಿಲ್ಲುವವರೆಗೆ, ಎರಡೂ ಜೊತೆಗೆ ನಡೆಯಬೇಕು. ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ ಮೊದಲು ಇಳಿಯುವುದರಿಂದ ಆರಂಭದ ದಿನಗಳಲ್ಲಿ ಬರೀ ಮಾತ್ರೆಯೇ ಅಪಾಯ ಮಾಡಬಹುದು. ಆಮೇಲೆ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಬೆರಳು ಚುಚ್ಚಿ ನೋಡುವ ಮನೆ ಮೆಷಿನ್ ಲೂಪಸ್ ಆಂಟಿಕೋಆಗ್ಯುಲಂಟ್ ಇದ್ದವರಲ್ಲಿ ತಪ್ಪು ತೋರಿಸಬಹುದು, ನಾನು ಲ್ಯಾಬ್‌ಗೇ ಹೋಗುತ್ತೇನೆ.

ಊಟದ ವಿಷಯಕ್ಕೆ ಬಂದರೆ ಎಲ್ಲರೂ ಸೊಪ್ಪು ಬಿಡಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಸ್ಸಾರಿಲ್ಲದ ವಾರ ಇಲ್ಲ, ನಾನು ಬಿಟ್ಟಿಲ್ಲ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಶಕ್ತಿ ಇಳಿಸುತ್ತದೆ ಅನ್ನೋದು ಸರಿ. ಆದರೆ ತೊಂದರೆ ಆಗುವುದು ಏರುಪೇರಿನಿಂದ. ಒಂದು ವಾರ ದಿನಾ ನುಗ್ಗೆಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಅಂದರೆ ಐಎನ್‌ಆರ್ ಕುಣಿಯುತ್ತದೆ. ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಡೋಸನ್ನು ಅದಕ್ಕೆ ಹೊಂದಿಸುತ್ತಾರೆ.

ಅದಕ್ಕಿಂತ ಹೆದರಬೇಕಾದದ್ದು ನೋವಿನ ಮಾತ್ರೆಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ. ಪ್ಲೇಟ್‌ಲೆಟ್ ಕಡಿಮೆ, ಮೇಲೆ ಬ್ಲಡ್ ಥಿನ್ನರ್, ಅದರ ಮೇಲೆ ಇದು ಅಂದರೆ ಹೊಟ್ಟೆಯಲ್ಲಿ ರಕ್ತ ಸೋರಲು ಬೇರೆ ಕಾರಣ ಬೇಕಾಗಿಲ್ಲ. ಜ್ವರ, ನೋವಿಗೆ ಪ್ಯಾರಾಸಿಟಮಾಲ್, ಅದೂ ಡಾಕ್ಟರ್ ಹೇಳಿದಷ್ಟು. ಕ್ಲಿನಿಕ್‌ಗೆ ಹೋದ ಕೂಡಲೇ ಸೊಂಟಕ್ಕೊಂದು ಇಂಜೆಕ್ಷನ್ ಹಾಕುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಅದೂ ಬೇಡ, ಸ್ನಾಯುವಿನೊಳಗೆ ರಕ್ತ ಸೋರಿ ಊದಬಹುದು. ಬೇಧಿಗೆ ಕೊಡುವ ಮೆಟ್ರೊನಿಡಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನ ಡಾಕ್ಟರ್ ಆದರೂ, ಬ್ಲಡ್ ಥಿನ್ನರ್ ಚೀಟಿ ಮೊದಲು ಮೇಜಿನ ಮೇಲಿಡಿ.

ಹೆಣ್ಣುಮಗಳಾದ್ದರಿಂದ ಇದನ್ನೂ ಹೇಳಲೇಬೇಕು. ಪೂಜೆ, ಮದುವೆ ಅಂತ ಪಿರಿಯಡ್ಸ್ ಮುಂದೂಡುವ ಮಾತ್ರೆ ನುಂಗುವುದು ನಮ್ಮಲ್ಲಿ ಮಾಮೂಲಿ. ತಂಗಿ ಇತ್ತೀಚೆಗೆ ತೆಗೆದುಕೊಂಡಿದ್ದರೆ ಡಾಕ್ಟರ್ ಮುಂದೆ ಮುಚ್ಚಿಡಬೇಡಿ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಇನ್ನು ಮುಂದೆ ಪೂರ್ತಿ ನಿಷಿದ್ಧ ಅಂತಲೇ ತಿಳಿಯಿರಿ. ಬ್ಲಡ್ ಥಿನ್ನರ್‌ನಿಂದ ಪಿರಿಯಡ್ಸ್ ಜೋರಾಗಬಹುದು, ಅದಕ್ಕೆ ದಾರಿಗಳಿವೆ, ಅದಕ್ಕೆ ಹೆದರಿ ಮಾತ್ರೆ ಬಿಡುವುದು ಬೇಡ.

ಎಷ್ಟು ದಿನ ಅಂತ ಕೇಳಿದ್ದೀರಿ. ಕ್ಲಾಟ್‌ಗೆ ಕಡಿಮೆ ಅಂದರೂ 3 ತಿಂಗಳು. ಎಪಿಎಸ್ ಖಾತ್ರಿಯಾದರೆ ಸಾಮಾನ್ಯವಾಗಿ ಜೀವನಪೂರ್ತಿ. ಮೊದಲು ಕೇಳಿದಾಗ ಎದೆ ಧಸಕ್ ಅನ್ನುತ್ತದೆ, ಆಮೇಲೆ ಬಿಪಿ ಮಾತ್ರೆ ನುಂಗುವ ಹಾಗೆ ರೂಢಿಯಾಗುತ್ತದೆ.

ಮದುವೆ ಮಾತುಕತೆ ಈಗ ಮುಂದಕ್ಕೆ ಹಾಕಿ, ಆದರೆ ಕೈಬಿಡಬೇಡಿ. ಗಂಡಿನ ಕಡೆಯವರಿಗೆ ವಿಷಯ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ, ಯಾಕೆಂದರೆ ಮಕ್ಕಳ ವಿಷಯದಲ್ಲಿ ಗಂಡನಿಗೂ ಇದು ಗೊತ್ತಿರಲೇಬೇಕು. ಎಪಿಎಸ್‌ನಲ್ಲಿ ಗರ್ಭಪಾತದ ಅಪಾಯ ಹೆಚ್ಚು. ವಾರ್ಫರಿನ್, ಅಸಿಟ್ರಾಮ್ ಮಗುವಿನ ಬೆಳವಣಿಗೆಗೆ ತೊಂದರೆ ಕೊಡುತ್ತವೆ, ಮುಖ್ಯವಾಗಿ 6ರಿಂದ 12ನೇ ವಾರದಲ್ಲಿ. ಅದಕ್ಕೇ ಬಸಿರಾಗುವ ಯೋಚನೆ ಬಂದಾಗಲೇ ಡಾಕ್ಟರ್‌ಗೆ ಹೇಳಬೇಕು. ಪಿರಿಯಡ್ಸ್ ತಪ್ಪಿದ ಕೂಡಲೇ ಟೆಸ್ಟ್ ಮಾಡಿಸಬೇಕು, ಆಗ ಡಾಕ್ಟರುಗಳೇ ಮಾತ್ರೆ ನಿಲ್ಲಿಸಿ ಮತ್ತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್‌ಗೆ ಬದಲಾಯಿಸುತ್ತಾರೆ, ಪ್ಲೇಟ್‌ಲೆಟ್ ನೋಡಿಕೊಂಡು ಸಣ್ಣ ಡೋಸ್ ಆಸ್ಪಿರಿನ್ ಸೇರಿಸುತ್ತಾರೆ. ಹೆರಿಗೆ ಆದ ಮೇಲೂ ಆರು ವಾರ ಅಪಾಯ ಜಾಸ್ತಿ ಇರುವುದರಿಂದ ಬಾಣಂತನದಲ್ಲಿ ಔಷಧ ತಪ್ಪಿಸುವ ಹಾಗಿಲ್ಲ. ವಾರ್ಫರಿನ್ ತೆಗೆದುಕೊಳ್ಳುತ್ತಾ ಮಗುವಿಗೆ ಹಾಲು ಕೊಡಬಹುದು. ಹೀಗೆ ಹೆತ್ತು, ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಿರುವವರು ನನಗೇ ಗೊತ್ತಿದ್ದಾರೆ.