ಸಂಪಾದಕರ ಉತ್ತರ: ನಿಮ್ಮ ಪತ್ರದ ಏಳನೇ ಸಾಲು

ಬೆಟಗೇರಿಯ ಸಹೋದರಿಗೆ ವಂದನೆಗಳು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪತ್ರ ಉದ್ದವಾಗಿದೆ, ಹಾಗಾಗಿ ಉಳಿದ ಓದುಗರಿಗೆ ವಿಷಯ ಇಷ್ಟು ಹೇಳಿಬಿಡುತ್ತೇನೆ. ಈ ಸಹೋದರಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ ಹಾಕುತ್ತಾರೆ. ಗಂಡ ಟೆಂಪೊ ಓಡಿಸುತ್ತಾರೆ. ಅತ್ತೆ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಭಾನುವಾರ ಆರಾಧನೆಗೆ ಹೋಗಲು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಈಚೆಗೆ ಉಜ್ಜೀವನ ಕೂಟ, ಅಂದರೆ ನಂಬಿಕೆಯನ್ನು ಚುರುಕುಗೊಳಿಸುವ ಪ್ರಾರ್ಥನಾ ಕೂಟ, ನಡೆದಾಗ ಹೇಗೋ ಬಿಡುವು ಮಾಡಿಕೊಂಡು ಒಂದು ರಾತ್ರಿ ಹೋಗಿದ್ದರಂತೆ. ಅಲ್ಲಿ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳಿದರು. ಗಡ್ಡೆ ಕರಗಿತು, ವೀಸಾ ಬಂತು, ಕೋರ್ಟ್ ಕೇಸು ಗೆದ್ದೆವು. ಮನೆಗೆ ಬಂದ ಮೇಲೆ ಇವರಿಗೆ ನಿದ್ದೆ ಹತ್ತಲಿಲ್ಲ. "ನನ್ನ ಜೀವನದಲ್ಲಿ ಎದ್ದು ನಿಂತು ಹೇಳುವಂಥದ್ದು ಏನೂ ಆಗಿಲ್ಲ ಸರ್. ಬೆಳಗಾದರೆ ಅಡುಗೆಮನೆ, ಆಮೇಲೆ ಹೊಲಿಗೆ ಮಿಷನ್ನು. ನನ್ನ ನಂಬಿಕೆ ಉಗುರುಬೆಚ್ಚಗಾಗಿದೆಯಾ?" ಎಂದು ಕೇಳಿದ್ದಾರೆ.

ಕೂಟಗಳು ಬೇಡ ಎನ್ನುವವನು ನಾನಲ್ಲ. ಅಲ್ಲಿಗೆ ಹೋಗಿ ಕುಡಿತ ಬಿಟ್ಟು ಮನೆ ಸೇರಿದವರನ್ನು ಕಂಡಿದ್ದೇನೆ. ದೇವರು ರೋಗ ವಾಸಿಮಾಡುತ್ತಾನೆ ಎಂದು ನಂಬಿ ಪ್ರಾರ್ಥಿಸುವವರಲ್ಲಿ ನಾನೂ ಒಬ್ಬ. ಆ ಮಾತು ಅಲ್ಲಿಗೆ ಇರಲಿ. ಯಾಕೆಂದರೆ ನಿಮ್ಮ ಪತ್ರ ಓದುತ್ತಾ ನಾನು ನಿಂತುಬಿಟ್ಟಿದ್ದು ಏಳನೇ ಸಾಲಿನಲ್ಲಿ. ಶುಕ್ರವಾರದ ಉಪವಾಸ ಪ್ರಾರ್ಥನೆ ಯಾಕೆ ತಪ್ಪಿತು ಎಂದು ಹೇಳುತ್ತಾ ಹೀಗೆ ಬರೆದಿದ್ದೀರಿ: "ಪಕ್ಕದ ಮನೆ ಹುಡುಗಿಗೆ ಸೋಮವಾರಕ್ಕೆ ಯೂನಿಫಾರ್ಮ್ ಬೇಕಿತ್ತು. ಅವರಮ್ಮನ ಹತ್ತಿರ ದುಡ್ಡಿರಲಿಲ್ಲ. ನಾನೇ ಕೂತು ಹೊಲಿದುಕೊಟ್ಟೆ." ಅಷ್ಟೇ ಬರೆದು ಮುಂದಿನ ಸಾಲಿನಲ್ಲಿ "ದೇವರು ಕ್ಷಮಿಸಲಿ" ಎಂದಿದ್ದೀರಿ. ಸಹೋದರಿ, ಯಾವುದನ್ನು ಕ್ಷಮಿಸಬೇಕು?

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯ ತೆಗೆಯಿರಿ. ಯೊಪ್ಪ ಎನ್ನುವ ಬಂದರು ಊರಿನಲ್ಲಿ ತಬಿಥಾ ಇದ್ದಳು, ದೊರ್ಕ ಅಂತಲೂ ಕರೆಯುತ್ತಿದ್ದರು. ಕಾಯಿಲೆಯಾಗಿ ಸತ್ತಳು. ಯೇಸುವಿನ ಶಿಷ್ಯ ಪೇತ್ರ ಪಕ್ಕದ ಊರು ಲುದ್ದದಲ್ಲಿದ್ದ, ಕರೆಸಿದರು. ಅವನು ಮೇಲಂತಸ್ತಿನ ಕೋಣೆಗೆ ಬಂದಾಗ ಊರಿನ ವಿಧವೆಯರೆಲ್ಲ ಸುತ್ತ ನಿಂತು ಅಳುತ್ತಾ, ಅವಳು ತಮಗೆ ಮಾಡಿಕೊಟ್ಟಿದ್ದ ಅಂಗಿಗಳನ್ನೂ ಮೇಲಂಗಿಗಳನ್ನೂ ತೋರಿಸಿದರು. ಆ ದೃಶ್ಯವನ್ನು ಸ್ವಲ್ಪ ಹೊತ್ತು ಕಣ್ಣಮುಂದೆ ಇಟ್ಟುಕೊಳ್ಳಿ. ನಿಮ್ಮ ಓಣಿಯ ಹೆಂಗಸರು ತೋಳು ಮುಂದೆ ಮಾಡಿ "ನೋಡ್ರಿ, ಇದು ಅವಳು ಹೊಲಿದದ್ದು" ಎನ್ನುವ ಹಾಗೆ. ಅದೇ ಪುಸ್ತಕದಲ್ಲಿ, ಅದನ್ನು ಬರೆದ ಲೂಕ ಪೇತ್ರನ ಪ್ರಸಂಗ ಬರೆದಿದ್ದಾನೆ, ಸ್ತೆಫನನದ್ದು ಬರೆದಿದ್ದಾನೆ, ಪೌಲನದ್ದಂತೂ ಪುಟಗಟ್ಟಲೆ ಇದೆ. ತಬಿಥಾಳ ಬಾಯಿಂದ ಬಂದ ಒಂದು ಮಾತನ್ನೂ ಬರೆದಿಲ್ಲ. ಆದರೂ ಅವಳನ್ನು ಅವನು ಶಿಷ್ಯಳು ಎಂದು ಕರೆದ. ಶಿಷ್ಯ ಎಂಬುದಕ್ಕೆ ಹೆಣ್ಣುರೂಪದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಆ ಒಂದೇ ಕಡೆ, ಅದೂ ಸೂಜಿ ಹಿಡಿದವಳ ಹೆಸರಿನ ಜೊತೆ! ಪೇತ್ರ ಪ್ರಾರ್ಥಿಸಿದ, ಅವಳು ಎದ್ದು ಕೂತಳು, ಅದು ದೊಡ್ಡ ಅದ್ಭುತವೇ. ಆದರೆ ಅವಳು ಸತ್ತಾಗ ಆ ಊರು ಅಷ್ಟು ಅತ್ತದ್ದು ಯಾಕೆ ಅನ್ನುವುದಕ್ಕೆ ಉತ್ತರ ಆ ಬಟ್ಟೆಗಳಲ್ಲಿತ್ತು.

ಇನ್ನೊಂದು ಮಾತು ಹೊಲಿಯುವವರಿಗೇ ಚೆನ್ನಾಗಿ ತಿಳಿಯುತ್ತದೆ. ನೀವು ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿಸುತ್ತೀರಿ ಅಲ್ವಾ? ಹಾಗೇ ಹೊಲಿದರೆ ಮೊದಲನೇ ಒಗೆತಕ್ಕೇ ಅದು ಎಳೆದುಕೊಂಡು ಬ್ಲೌಸ್ ಸುಕ್ಕಾಗುತ್ತದೆ. ಯೇಸು ಹೇಳಿದ್ದೂ ಅದನ್ನೇ. ಹೊಸ ಬಟ್ಟೆಯ ತುಂಡನ್ನು ಹಳೆಯದಕ್ಕೆ ತೇಪೆ ಹಾಕಿದರೆ ತೇಪೆ ಎಳೆದು ಹರುಕು ಇನ್ನೂ ದೊಡ್ಡದಾಗುತ್ತದೆ ಎಂದು. ಮಾರ್ಕನ 2ನೇ ಅಧ್ಯಾಯದಲ್ಲಿದೆ. ಇದು ತೇಪೆ ಹಾಕುವ ಮನೆಯಲ್ಲಿ ಬೆಳೆದವನ ಮಾತು. ಆತ ಹೇಳಿದ ಕಥೆಗಳಲ್ಲಿ ಬರುವ ಹಿಟ್ಟಿನ ಹುಳಿ, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಕಸ ಗುಡಿಸಿದ ಹೆಂಗಸು, ಎಲ್ಲ ಮನೆಯೊಳಗಿನ ಸಂಗತಿಗಳೇ. ದೇವರ ರಾಜ್ಯ ಹೇಗಿದೆ ಎಂದು ತೋರಿಸುವುದಕ್ಕೆ ಆತ ಆರಿಸಿಕೊಂಡದ್ದು ನಿಮ್ಮ ದಿನಚರಿಯನ್ನು. ಅದನ್ನೇ ನೀವು "ಏನೂ ಆಗಿಲ್ಲ" ಎಂದು ಬರೆದರೆ ನನಗೆ ಬೇಜಾರಾಗುತ್ತದೆ.

ನಿಮ್ಮ ಊರಿನ ವಿಷಯವನ್ನೇ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಕ್ರೈಸ್ತರಾದವರನ್ನು ಎಷ್ಟೋ ಕಡೆ ಅವರ ಜನ ಹೊರಗಿಟ್ಟರು, ಹೊಟ್ಟೆಪಾಡು ಹೋಯಿತು. ಬರೀ ಪ್ರಸಂಗ ಮಾಡಿದರೆ ಒಲೆ ಉರಿಯುತ್ತದೆಯೇ? ಮಗ್ಗ ಹಾಕಿದರು, ಅಚ್ಚುಕೂಟ ಇಟ್ಟರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹೆಂಚು ಎಂದರೆ ಇವತ್ತಿಗೂ ಎಲ್ಲರಿಗೂ ಗೊತ್ತು. ಅವರಲ್ಲೂ ಕೊರತೆಗಳಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಪ್ರಾರ್ಥನೆ ಒಂದು ಕಡೆ, ಕೈಕೆಲಸ ಇನ್ನೊಂದು ಕಡೆ ಎಂದು ಅವರು ಬೇರೆ ಮಾಡಿ ಇಡಲಿಲ್ಲ.

ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರೂ ಹಾಗೇ. ಅವರು ನಮ್ಮ ನೆಲದಲ್ಲೇ, ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳ ಕಡೆಯ ಮಾಳದವರು. ರಮಾಬಾಯಿ ಪುಣೆ ಹತ್ತಿರದ ಕೇಡ್ಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. 1896-97ರ ಬರದಲ್ಲಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು. ನೇಯ್ಗೆ, ಹೈನು, ಅಚ್ಚಿನ ಕೆಲಸ, ಎಲ್ಲ ಕಲಿಸಿದರು. ಹಳ್ಳಿಯ ಹೆಂಗಸರಿಗೂ ತಿಳಿಯಲಿ ಎಂದು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಅದನ್ನು ಅಚ್ಚು ಮಾಡಿದ್ದು ಮುಕ್ತಿಯ ಹೆಣ್ಣುಮಕ್ಕಳೇ. ಅವರಲ್ಲಿ ಎಷ್ಟು ಜನ ವೇದಿಕೆ ಹತ್ತಿ ಮಾತಾಡಿದರೋ, ಅಕ್ಷರ ಜೋಡಿಸಿದ ಅವರ ಬೆರಳುಗಳಂತೂ ಸಾಕ್ಷಿ ಹೇಳಿದವು.

ನನ್ನ ಮನೆಯದೇ ಒಂದು ಮಾತು. ನನಗಾಗ ಹನ್ನೊಂದು ವರ್ಷ. ಅಪ್ಪ ತೀರಿಕೊಂಡಿದ್ದರು. ಮನೆ ತುಂಬ ಜನ ಬಂದರು, ವಾಕ್ಯ ಓದಿದರು, ಪ್ರಾರ್ಥನೆ ಮಾಡಿ ಹೋದರು. ಯಾವ ವಾಕ್ಯ ಓದಿದರು ಎಂದು ನನಗೆ ನೆನಪಿಲ್ಲ. ನೆನಪಿರುವುದು ಓಣಿಯ ಕೊನೆಮನೆಯ ಅಜ್ಜಿ. ಆಕೆಗೆ ಓದಲು ಬರುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಳೇ ಧೋತರದ ತುಂಡಿನಲ್ಲಿ ಸುತ್ತಿದ ಜೋಳದ ರೊಟ್ಟಿ ತರುತ್ತಿದ್ದಳು. ಬಿಚ್ಚಿದರೆ ಉಗಿ ಏಳುತ್ತಿತ್ತು, ಒಳಗಿನ ರೊಟ್ಟಿಗೆ ಬಟ್ಟೆಯ ನೇಯ್ಗೆಯ ಗುರುತು ಮೂಡಿರುತ್ತಿತ್ತು. ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು, ರೊಟ್ಟಿ ಮುರಿದು, ಗುರೆಳ್ಳು ಹಿಂಡಿ ಹಚ್ಚಿ ಕೈಗೆ ಕೊಡುತ್ತಿದ್ದಳು. "ಒಂದ್ ತುತ್ತು ತಿನ್ನವಾ" ಅನ್ನುವುದು ಬಿಟ್ಟರೆ ಬೇರೆ ಮಾತೇ ಇಲ್ಲ. ಹೀಗೆ ಒಂದು ತಿಂಗಳು ಬಂದಳು. ಬಹಳ ವರ್ಷಗಳಾದ ಮೇಲೆ, ಸಾಯಬೇಕು ಎಂದು ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನ ಕಥೆ ಓದುವಾಗ ನನಗೆ ಆ ಅಜ್ಜಿ ಕಂಡಳು. ದೇವದೂತ ಎಲೀಯನಿಗೆ ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಏಳು, ತಿನ್ನು ಎಂದ. ಅವನು ತಿಂದು ಮತ್ತೆ ಮಲಗಿದ, ದೂತ ಎರಡನೇ ಸಲವೂ ಬಂದ. ನಮ್ಮ ಸಭೆಗಳಲ್ಲಿ ಆದರಣೆ, ಅಂದರೆ ಸಾಂತ್ವನ, ಎಂಬ ಪದ ಬಂದಾಗಲೆಲ್ಲ ನನಗೆ ಆ ರೊಟ್ಟಿಯ ವಾಸನೆ ಬರುತ್ತದೆ.

ಈಗ ಕೋಪದ ಮಾತು. ನಿಮ್ಮ ಅತ್ತೆ ಮೂರು ತಿಂಗಳು ಮಲಗಿದ್ದರೂ ಸಭೆಯಿಂದ ಒಬ್ಬರೂ ಮನೆಗೆ ಬಂದಿಲ್ಲ ಎಂದು ಬರೆದಿದ್ದೀರಿ. ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ವಾಗ್ದಾನ ವಾಕ್ಯ ಮಾತ್ರ ತಪ್ಪದೆ ಬರುತ್ತದೆಯಂತೆ. ನಾವು ಎಲ್ಲಿಗೆ ಬಂದುಬಿಟ್ಟೆವು? ದೊಡ್ಡ ಪರದೆ ಬಂತು, ಕೀಬೋರ್ಡ್ ಬಂತು, ಬಾಗಿಲು ತಟ್ಟುವ ಕೈ ಹೋಯಿತು. ಹಿಂದೆ ಸಭೆಯ ಪಾಸ್ಟರ್ ಅಯ್ಯನವರು ಸೈಕಲ್ ಮೇಲೆ ಮನೆಮನೆಗೆ ಬರುತ್ತಿದ್ದರು, ಮಕ್ಕಳ ಪರೀಕ್ಷೆ ಯಾವಾಗ, ಎಮ್ಮೆ ಕರು ಹಾಕಿತೇ ಎಂದು ಅವರಿಗೆ ಗೊತ್ತಿರುತ್ತಿತ್ತು. ಒಂದು ಕೂಟದಲ್ಲಿ ನನ್ನ ಕಣ್ಣೆದುರಿಗೇ ಆದದ್ದು ಹೇಳುತ್ತೇನೆ. ಮಗುವಿನ ಕಾಯಿಲೆಗೆ ಪ್ರಾರ್ಥನೆ ಕೇಳಲು ಬಂದ ತಾಯಿಗೆ ಬೋಧಕರೊಬ್ಬರು "ನಿನ್ನ ನಂಬಿಕೆ ಸಾಲದು" ಎಂದುಬಿಟ್ಟರು. ಆಕೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಸಾಲಿಗೆ ಹೋದಳು. ಆ ಮಗುವನ್ನು ಎತ್ತಿಕೊಂಡು ಎರಡು ಬಸ್ ಬದಲಾಯಿಸಿ ಬಂದಿದ್ದಳು ಆಕೆ! ಅದಕ್ಕಿಂತ ಜಾಸ್ತಿ ನಂಬಿಕೆ ಅಂದರೆ ಏನು?

ಮಿಜೋರಾಮಿನ ಕ್ರೈಸ್ತ ಹೆಂಗಸರು ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ, ಅದಕ್ಕೆ ಬುಹ್‌ಫೈ ಥಾಮ್ ಎನ್ನುತ್ತಾರೆ. ಆ ಹಿಡಿ ಅಕ್ಕಿ ಸೇರಿಸಿ ಮಾರಿ, ನೂರು ವರ್ಷಕ್ಕೂ ಮೇಲಿನಿಂದ ಸೇವೆಯ ಕೆಲಸ ನಡೆಸಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಅಂಥ ಹೆಂಗಸರು ಇಲ್ಲವೇ? ಇದ್ದಾರೆ. ಆದರೆ ಈ ಪತ್ರಿಕೆಯ ಸಾಕ್ಷಿ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸೈಟು, ವೀಸಾ, ಪ್ರಮೋಷನ್ನೇ ತುಂಬಿರುತ್ತವೆ. ರೊಟ್ಟಿ ತಂದವರ ಬಗ್ಗೆ ಯಾರೂ ಬರೆಯುವುದಿಲ್ಲ.

ನಿಮ್ಮ ಮೇಲೂ ನನಗೆ ಒಂದು ಆಕ್ಷೇಪ ಇದೆ. ಕಷ್ಟ ಇದೆ ಎಂದು ನೀವಾದರೂ ಯಾರಿಗೆ ಹೇಳಿದಿರಿ? ಪಕ್ಕದ ಮನೆಯವರ ಕಷ್ಟಕ್ಕೆ ಓಡುವ ನೀವು ನಿಮ್ಮ ಕಷ್ಟವನ್ನು ಬಾಗಿಲು ಹಾಕಿ ಇಟ್ಟುಕೊಂಡಿದ್ದೀರಿ. ಈ ಭಾನುವಾರ ಹೋಗಲಾಗದಿದ್ದರೆ ನಿಮ್ಮ ಅಯ್ಯನವರಿಗೆ ಫೋನ್ ಮಾಡಿ, ಅತ್ತೆಗೆ ಮನೆಯಲ್ಲೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಿ ಎಂದು ನೇರವಾಗಿ ಕೇಳಿ. ಹಿಂಜರಿಯಬೇಡಿ. ಅದು ಅವರ ಕೆಲಸ.

ಮತ್ತೆ ಪತ್ರ ಬರೆಯಿರಿ. ಆ ಹುಡುಗಿ ಸೋಮವಾರ ಯೂನಿಫಾರ್ಮ್ ಹಾಕಿಕೊಂಡು ಹೋದಳಾ? ಅಳತೆ ಸರಿಹೋಯಿತಾ? ಬೆಳೆಯುವ ಮಗು, ಕೆಳಗೆ ಬಿಚ್ಚಿಕೊಳ್ಳಲು ಮಡಿಕೆ ಬಿಟ್ಟಿದ್ದೀರಿ ತಾನೇ?